ಗಣಿಯೂರಿನ ಮೂರು ಬೀದಿಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಬೀದಿ ಕಟ್ಟಿ ನೋಡು ಎಂದು ಅವರು ಹೇಳಿದಂತೆ ಕಾಣುವುದಿಲ್ಲ. ಬೀದಿಯೆಂಬುದು ಯಾರೊಬ್ಬರೂ ಕಟ್ಟದೆ ತಾನಾಗಿಯೇ ಬೆಳೆಯತಕ್ಕ ವಸ್ತುವೆಂದು ಅವರು ಎಣಿಸಿದ್ದಿರಬಹುದು. ಹತ್ತು ಮನೆಗಳು ಎದುರುಬದುರಾಗಿ ನಿಂತರೆ ನಡುವೆ ಉಳಿದ ತಾಣವೇ ಬೀದಿ. ಅದರ ಕೊನೆಯಲ್ಲಿ ಒಂದು ದೇವಸ್ಥಾನ, ಒಂದು ಬಾವಿ, ಬಾವಿಯ ಬಳಿ ಒಂದು ಅರಳಿಮರ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂಬ ಹೆಸರುಗಳು ಅಲ್ಲಿಯವರ ಕಸುಬನ್ನು ಹೇಳುತ್ತವೆ. ಕಸುಬೇ ಬೀದಿಯನ್ನು ಹುಟ್ಟಿಸಿತು. ವಾಸವು ಕಸುಬಿನ ಬೆನ್ನ ಹಿಂದೆ ಬಂದಿತು.

ಕೆಲಸ ಮಾಡುವ ಸ್ಥಳ ಬೇರೆ, ವಾಸಿಸುವ ಬೀದಿ ಬೇರೆ ಎಂಬ ಏರ್ಪಾಡು ನಮ್ಮ ನಾಡಿನಲ್ಲಿ ಬೇರೂರಿ ಇನ್ನೂ ನೂರೈವತ್ತು ವರ್ಷಗಳಾಗಿಲ್ಲ. ಆದರೂ ನಗರವಾಸಿಗಳಾದ ನಮಗೆ ಈಗ ಇದೇ ಸಹಜವೆಂದು ತೋರುವುದು. ನಿವೇಶನವನ್ನು ಕೊಳ್ಳುವವನು ಮೊದಲು ಕೇಳುವುದು ಬೀದಿಯ ಅಗಲವನ್ನು, ಆಮೇಲೆ ನೀರನ್ನು, ಕೊನೆಗೆ ನೆರೆಹೊರೆಯನ್ನು. ಈ ಕ್ರಮವು ಸರಿಯೆ? ವಾಸಕ್ಕೆ ಯೋಗ್ಯವಾದ ಬೀದಿಯ ಲಕ್ಷಣವೇನು? ಊಹೆಯಿಂದ ಉತ್ತರ ಹೇಳುವುದಕ್ಕಿಂತ, ಬೀದಿಗಳನ್ನು ಕಟ್ಟಿ, ಅವುಗಳಲ್ಲಿ ಮೂರು ನಾಲ್ಕು ತಲೆಮಾರು ಬಾಳಿ, ಆ ಬಾಳಿನ ಆಧಾರವೇ ಒಂದು ದಿನ ಕುಸಿದುದನ್ನು ಕಂಡ ಊರೊಂದರ ಚರಿತ್ರೆಯಿಂದ ಹೇಳುವುದು ಮೇಲು. ಅಂತಹ ಊರು ಕೋಲಾರದ ಚಿನ್ನದ ಗಣಿಗಳ ಪ್ರದೇಶ.

ಬಂಗಾರಪೇಟೆಯಲ್ಲಿ ಇಳಿದು ಗಣಿಯ ರೈಲನ್ನು ಹತ್ತಿದವರಿಗೆ ಕೋರಮಂಡಲ, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳು ಒಂದರ ಹಿಂದೆ ಒಂದಾಗಿ ಬರುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಗಣಿಗಳ ಸಾಲು ಹೀಗಿತ್ತು: ಬಾಲಘಾಟ್, ನಂದಿದುರ್ಗ, ಊರ್ಗಾಂ, ಚಾಂಪಿಯನ್ ರೀಫ್, ಮೈಸೂರು. ನಂದಿದುರ್ಗವೆಂದೊಡನೆ ಕೇಳುವವರ ಮನಸ್ಸು ಮಂಜು ಮುಸುಕಿದ ಗಿರಿಶಿಖರಕ್ಕೆ ಹೋಗುವುದು ಸಹಜ. ಆದರೆ ಈ ನಂದಿದುರ್ಗದಲ್ಲಿ ಏರತಕ್ಕ ಮೆಟ್ಟಿಲುಗಳಿಲ್ಲ, ಇಳಿಯತಕ್ಕ ಬಾವಿಗಳಿವೆ. ಮೈಸೂರು ಸಂಸ್ಥಾನವು ಬ್ರಿಟಿಷ್ ಕಮೀಷನರುಗಳ ಆಡಳಿತದಲ್ಲಿದ್ದಾಗ ಕೋಲಾರ ಜಿಲ್ಲೆಯು ಸೇರಿದ್ದ ವಿಭಾಗಕ್ಕೆ ನಂದಿದುರ್ಗವೆಂದೇ ಹೆಸರಿತ್ತು. ಬೆಟ್ಟದಿಂದ ವಿಭಾಗಕ್ಕೆ ಬಂದ ಆ ಹೆಸರು ಗಣಿಗೂ ಬಂದಿತು. ಬಂಗಾರಪೇಟೆಯ ಹೆಸರಿಗೂ ಇಂತಹದೇ ಕಥೆಯಿದೆ. 1862ರಿಂದ 1870ರ ವರೆಗೆ ಕಮೀಷನರಾಗಿದ್ದ ಲೂಯಿನ್ ಬೌರಿಂಗ್ ಸಾಹೇಬರ ನೆನಪಿಗಾಗಿ ಅದು ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಜನರ ನಾಲಗೆಯು ಸಾಹೇಬರ ಹೆಸರನ್ನು ಬಂಗಾರವನ್ನಾಗಿ ಮಾಡಿತು.

ಈ ಪ್ರದೇಶದಲ್ಲಿ ಪ್ರಾಚೀನರು ಚಿನ್ನ ತೆಗೆದ ಹಳೆಯ ಗುಂಡಿಗಳು ಬಹುಕಾಲದಿಂದ ಇದ್ದುವು. ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ಐರ್ಲೆಂಡಿನ ನಿವೃತ್ತ ಸೈನಿಕನು 1870ರ ದಶಕದಲ್ಲಿ ಗಣಿಯ ಅಪ್ಪಣೆಯನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಸಮೃದ್ಧವಾದ ಚಿನ್ನದ ಪದರವು ಸಿಕ್ಕಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಹತ್ತು ಮೈಲಿ ಉದ್ದದ ರೈಲುದಾರಿಯಾಯಿತು. 1891ರ ಜನಗಣತಿಯಲ್ಲಿ 7,085 ಜನರಿದ್ದ ಸ್ಥಳದಲ್ಲಿ 1901ರ ವೇಳೆಗೆ 38,204 ಜನರಿದ್ದರು. ಹತ್ತು ವರ್ಷಗಳಲ್ಲಿ ಐದು ಪಾಲಿಗಿಂತಲೂ ಹೆಚ್ಚಾದ ಈ ಜನರು ಎಲ್ಲಿ ಮಲಗಿದರು, ಎಲ್ಲಿ ನೀರು ತಂದರು, ಅವರ ಮಕ್ಕಳು ಎಲ್ಲಿ ಆಡಿದರು ಎಂಬುದೇ ನಮ್ಮ ವಿಷಯ. ಅವರಿಗಾಗಿ ಮೂರು ಬಗೆಯ ಬೀದಿಗಳು ಹುಟ್ಟಿದುವು: ಬಂಗಲೆಯ ರಸ್ತೆ, ಕೂಲಿಗಾರರ ಲೈನು, ಮತ್ತು ಪೇಟೆಯ ಬೀದಿ.

ಮೊದಲನೆಯದಾಗಿ ಬಂಗಲೆಯ ರಸ್ತೆಯನ್ನು ನೋಡೋಣ. ಗಣಿಯ ಮೇಲಧಿಕಾರಿಗಳಲ್ಲಿ ಅನೇಕರು ಇಂಗ್ಲೆಂಡಿನವರು. ಕಾರ್ನ್‌ವಾಲ್ ಎಂಬ ತವರಗಣಿಗಳ ಸೀಮೆಯಿಂದ ಬಂದವರೂ ಬಹಳ ಮಂದಿ. ಅವರಿಗಾಗಿ ದಿಣ್ಣೆಗಳ ಮೇಲೆ, ಗಾಳಿ ಬರುವ ಕಡೆಗೆ ಮುಖ ಮಾಡಿ, ಹೆಂಚಿನ ಮಾಡು, ಅಗಲವಾದ ವರಾಂಡ, ಸುತ್ತ ತೋಟ, ತೋಟದ ಅಂಚಿಗೆ ಬೇಲಿ ಇವುಗಳಿಂದ ಕೂಡಿದ ಮನೆಗಳಾದುವು. ಒಂದು ಮನೆಯ ಮಾತು ಮತ್ತೊಂದು ಮನೆಗೆ ಕೇಳಿಸದಷ್ಟು ಅಂತರ. ರಸ್ತೆಯ ಇಕ್ಕೆಲಗಳಲ್ಲಿ ಮರಗಳು. ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿ. ಈ ಭಾಗವನ್ನು ಕಂಡೇ ಜನರು ಊರಿಗೆ ಪುಟ್ಟ ಇಂಗ್ಲೆಂಡೆಂದು ಹೆಸರಿಟ್ಟರು. ಇಂದಿನ ಬೆಂಗಳೂರಿನಲ್ಲಿ ಮನೆ ಮಾರುವವರು ಯಾವ ಯಾವ ಗುಣಗಳನ್ನು ಜಾಹೀರಾತಿನಲ್ಲಿ ಎಣಿಸುತ್ತಾರೆಯೋ ಅವೆಲ್ಲವೂ, ನೆರಳು, ನಿಶ್ಶಬ್ದ, ಏಕಾಂತ, ವಿಹಾರ, ಈ ರಸ್ತೆಗಳಿಗೆ ಇದ್ದುವು. ಇಲ್ಲದಿದ್ದ ಗುಣ ಒಂದೇ. ಇಲ್ಲಿ ವಾಸಿಸಿದವರಲ್ಲಿ ಯಾರೂ ಇದು ತಮ್ಮ ಊರೆಂದು ಎಣಿಸಿದವರಲ್ಲ. ಹುದ್ದೆಯೊಡನೆ ಮನೆ ಬಂದಿತು, ಹುದ್ದೆಯೊಡನೆ ಹೋಯಿತು.

ಲೈನು ಇದಕ್ಕೆ ಎಲ್ಲ ವಿಧದಲ್ಲಿಯೂ ವಿರುದ್ಧವಾದುದು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಜಿಲ್ಲೆಗಳಿಂದ ಕ್ಷಾಮಕ್ಕೂ ಸಾಲಕ್ಕೂ ಹೆದರಿ ಬಂದ ಕೂಲಿಗಾರರಿಗೆ ಕಂಪೆನಿಗಳು ಗಣಿಯ ಬಾಯಿಯ ಸಮೀಪದಲ್ಲಿಯೇ ಸಾಲುಸಾಲಾಗಿ ಗುಡಿಸಲುಗಳನ್ನು ಹಾಕಿಸಿದುವು. ಬಿದಿರಿನ ತಟ್ಟಿಯೇ ಗೋಡೆ, ಒಂದೇ ಕೋಣೆ, ಅದರಲ್ಲಿಯೇ ಅಡಿಗೆ, ನಿದ್ರೆ, ಬಾಣಂತನ. ನೀರಿಗೆ ಸಾಲಿಗೊಂದು ನಲ್ಲಿ. ಕಾಲಕ್ರಮದಲ್ಲಿ ಕೆಲವೆಡೆ ಇಟ್ಟಿಗೆಯೂ ಹೆಂಚೂ ತಗಡೂ ಬಂದುವಾದರೂ ತಟ್ಟಿಯ ಮನೆಯು ಬಹುಕಾಲ ಉಳಿಯಿತು. 1902ನೆಯ ಜೂನ್ 30ರಂದು ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳ ತಂತಿಯ ಮೇಲೆ ಹರಿದು ಈ ಗಣಿಗಳಿಗೆ ಬಂದಿತು. ಅಷ್ಟು ಉದ್ದದ ತಂತಿ ಆಗ ಲೋಕದಲ್ಲಿಯೇ ಅಪೂರ್ವವಾಗಿತ್ತು. ಬೆಂಗಳೂರು ನಗರದ ಬೀದಿಗಳಿಗೆ ದೀಪ ಬಂದುದು 1905ರಲ್ಲಿ, ಮೂರು ವರ್ಷಗಳ ತರುವಾಯ. ಆದರೆ ಆ ಬೆಳಕು ಯಂತ್ರಶಾಲೆಗೂ ಬಂಗಲೆಗೂ ಬಂದ ವೇಗದಲ್ಲಿ ಲೈನಿನ ಗುಡಿಸಲಿಗೆ ಬರಲಿಲ್ಲ. ತಂತಿಯು ತಲೆಯ ಮೇಲೆ ಹಾದುಹೋದ ಬೀದಿಯಲ್ಲಿ ಸೀಮೆಯೆಣ್ಣೆಯ ಬುಡ್ಡಿಯು ಬಹುಕಾಲ ಉರಿಯಿತು.

ಇಷ್ಟರಿಂದ ಲೈನು ಕೇವಲ ದುಃಖದ ಬೀದಿಯಾಗಿತ್ತೆಂದು ತೀರ್ಮಾನಿಸಿದರೆ ಚರಿತ್ರೆಗೆ ಅನ್ಯಾಯವಾಗುವುದು. ಅಲ್ಲಿ ವಾಸಿಸಿದವರಲ್ಲಿ ಬಹುಮಂದಿ ತಮ್ಮ ಹಳ್ಳಿಗಳಲ್ಲಿ ಅಸ್ಪೃಶ್ಯರೆನಿಸಿ, ಊರ ಹೊರಗಿನ ಚೇರಿಯಲ್ಲಿ ಇದ್ದವರು. ಊರ ಬಾವಿಯ ನೀರನ್ನು ಮುಟ್ಟುವ ಹಕ್ಕಿಲ್ಲದವರು. ಗಣಿಯ ಲೈನಿನಲ್ಲಿ ನಲ್ಲಿಯ ಮುಂದೆ ಕೊಡವಿಟ್ಟು ತನ್ನ ಸರದಿಗಾಗಿ ಕಾಯುವಾಗ, ಆ ಕಾಯುವಿಕೆಯಲ್ಲಿಯೇ ಒಂದು ಹೊಸ ಮರ್ಯಾದೆಯಿತ್ತು. ತಿಂಗಳ ಕೂಲಿ ರೊಕ್ಕದ ರೂಪದಲ್ಲಿ ಕೈಗೆ ಬಂದಿತು. ಸಾಲಿಗೊಂದು ಮಾರಿಯಮ್ಮನ ಗುಡಿಯೋ ಕ್ರಿಸ್ತಮಂದಿರವೋ ಎದ್ದಿತು. 20ನೆಯ ಶತಮಾನದ ಆದಿಯಲ್ಲಿ ಮದರಾಸಿನ ಪಂಡಿತ ಅಯೋತ್ತಿದಾಸರ ಬೋಧನೆಯು ಇಲ್ಲಿಗೆ ಹಬ್ಬಿ ಮಾರಿಕುಪ್ಪಂನಲ್ಲಿ ಬೌದ್ಧ ಸಂಘದ ಶಾಖೆಯಾಯಿತು. ಅವರು ಮದರಾಸಿನಲ್ಲಿ ಆರಂಭಿಸಿದ್ದ ‘ತಮಿಳನ್’ ಪತ್ರಿಕೆಯು ಅವರ ತರುವಾಯ, 1920ರ ದಶಕದಲ್ಲಿ, ಈ ಗಣಿಯೂರಿನಿಂದಲೇ ಹೊರಡುತ್ತಿತ್ತು. ತಟ್ಟಿಯ ಗೋಡೆಯ ಹಿಂದೆ ಪತ್ರಿಕೆಯನ್ನು ಓದಿ ಹೇಳುವವನಿದ್ದನು. ತಟ್ಟಿಯಾದುದರಿಂದಲೇ ಪಕ್ಕದ ಮನೆಯವನಿಗೂ ಕೇಳಿಸುತ್ತಿತ್ತು.

ಗಣಿಯ ಕೆಲಸವು ಹಗಲಿರುಳು ಮೂರು ಪಾಳಿಗಳಲ್ಲಿ ನಡೆಯುತ್ತಿತ್ತು. ಆದಕಾರಣ ಲೈನಿನಲ್ಲಿ ಯಾವ ಹೊತ್ತಿನಲ್ಲಿಯೂ ಯಾರೋ ಒಬ್ಬರು ಮಲಗಿರುವರು, ಯಾರೋ ಒಬ್ಬರು ಎದ್ದಿರುವರು. ಭೂಮಿಯ ಆಳದಲ್ಲಿ ಬಂಡೆಯು ಸಿಡಿದಾಗ ಮೇಲಿನ ಗುಡಿಸಲುಗಳು ನಡುಗುತ್ತಿದ್ದುವು. ಆಗ ಇಡೀ ಸಾಲು ಹೊರಗೆ ಬಂದು ಗಣಿಯ ಬಾಯಿಯ ಕಡೆಗೆ ನೋಡುತ್ತ ನಿಲ್ಲುವುದು. ಯಾರ ಮನೆಯವನು ಕೆಳಗಿದ್ದಾನೆಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ನೆರೆಹೊರೆಯೆಂಬ ಮಾತಿಗೆ ಇದಕ್ಕಿಂತ ಗಂಭೀರವಾದ ಅರ್ಥವು ದೊರೆಯುವುದು ಕಷ್ಟ.

ಈ ನೆರೆಯ ಬಲವು ಎಷ್ಟೆಂಬುದು 1930ನೆಯ ಏಪ್ರಿಲಿನಲ್ಲಿ ಕಂಡುಬಂದಿತು. ಕೆಲಸಗಾರರೆಲ್ಲರ ಬೆರಳಚ್ಚನ್ನು ತೆಗೆದು ದಾಖಲೆ ಮಾಡಬೇಕೆಂದು ಕಂಪೆನಿಗಳು ಹೊರಟುವು. ಬೆರಳೊತ್ತುವುದು ಕಳ್ಳರ ಪಾಡೆಂದು ಕೆಲಸಗಾರರು ಭಾವಿಸಿದರು. ಒಮ್ಮೆ ಗುರುತಾದವನನ್ನು ಒಂದು ಗಣಿಯು ತೆಗೆದುಹಾಕಿದರೆ ಮತ್ತೊಂದು ಗಣಿಯೂ ಸೇರಿಸದೆಂಬ ಭಯವೂ ಇತ್ತು. ಎಲ್ಲ ಗಣಿಗಳಲ್ಲಿಯೂ ಕೆಲಸ ನಿಂತಿತು. ಆಗ ಅಲ್ಲಿ ಬಲವಾದ ಕಾರ್ಮಿಕ ಸಂಘವಿರಲಿಲ್ಲ, ಹೆಸರು ಹೇಳಿ ಹಿಡಿಯಬಹುದಾದ ಮುಖಂಡರೂ ಇರಲಿಲ್ಲ. ಹಾಗಿರುವಲ್ಲಿ ಸಾವಿರಾರು ಜನರಿಗೆ ಒಂದೇ ಮಾತು ಹೇಗೆ ಮುಟ್ಟಿತು? ನಲ್ಲಿಯ ಕಟ್ಟೆಯೂ ತಟ್ಟಿಯ ಗೋಡೆಯೂ ಸಭಾಭವನದ ಕೆಲಸವನ್ನು ಮಾಡಿದುವೆಂದು ನಾವು ಊಹಿಸುತ್ತೇವೆ. ಮನೆಯೊಳಗೆ ಸ್ಥಳವಿಲ್ಲದ್ದರಿಂದ ಜನರು ಬೀದಿಯಲ್ಲಿ ಬಾಳಿದರು. ಬೀದಿಯಲ್ಲಿ ಬಾಳಿದ್ದರಿಂದ ಒಬ್ಬರನ್ನೊಬ್ಬರು ಅರಿತರು. ಆದರೆ ಇದೇ ಸಂದರ್ಭದಲ್ಲಿ ಲೈನಿನ ದೊಡ್ಡ ಕೊರತೆಯೂ ಬಯಲಾಯಿತು. ಗುಡಿಸಲು ನಿಂತ ನೆಲವು ಕಂಪೆನಿಯದು. ಕೆಲಸ ಬಿಟ್ಟವನಿಗೆ ಮನೆಯೂ ಬಿಡಬೇಕಾದ ಭಯವು ಸದಾ ತಲೆಯ ಮೇಲಿತ್ತು.

ಮೂರನೆಯದು ಪೇಟೆಯ ಬೀದಿ. ಇದರ ಹುಟ್ಟನ್ನು ತಿಳಿಯಬೇಕಾದರೆ ಗಣಿಯನ್ನು ಕ್ಷಣಕಾಲ ಬಿಟ್ಟು ಬೆಂಗಳೂರಿಗೆ ಹೋಗಿ ಬರಬೇಕು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಒತ್ತೊತ್ತಾದ ಪೇಟೆಯ ಓಣಿಗಳಲ್ಲಿ ಜನರು ಸಾಯುವುದನ್ನು ಕಂಡು ಸರ್ಕಾರವು ಊರ ಹೊರಗೆ ಮಲ್ಲೇಶ್ವರ, ಬಸವನಗುಡಿ ಎಂಬ ಎರಡು ಬಡಾವಣೆಗಳನ್ನು ಮಾಡಿಸಿತು. ನೇರವಾದ ರಸ್ತೆ, ಅದನ್ನು ಕತ್ತರಿಸುವ ಅಡ್ಡರಸ್ತೆ, ಮನೆಯ ಸುತ್ತ ಬಯಲು, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲು ಕಿರಿದಾದ ಓಣಿ. 1903ರಲ್ಲಿ ಮೈಸೂರು ನಗರಕ್ಕೆ ನಗರಾಭಿವೃದ್ಧಿ ಮಂಡಲಿಯಾಯಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ 1910ರಲ್ಲಿ ಫ್ರೇಜರ್ ಟೌನ್ ತೆರೆಯಿತು. ಅಲ್ಲಿ ಇಲಿಗಳು ಸೇರದಂತೆ ಮನೆ ಕಟ್ಟುವ ವಿಧಾನವನ್ನು ಜೆ. ಎಚ್. ಸ್ಟೀಫನ್ಸ್ ಎಂಬವರು 1914ರಲ್ಲಿ ಒಂದು ಪುಸ್ತಕವನ್ನಾಗಿಯೇ ಬರೆದರು.

ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ಬಸವನಗುಡಿಯ ನಕ್ಷೆಯನ್ನು ಎಳೆದವರಿಗೆ ಪ್ಲೇಗಿನ ನಿಜವಾದ ದಾರಿಯು ಖಚಿತವಾಗಿ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುವುದೆಂದು ಫ್ರೆಂಚ್ ವೈದ್ಯನಾದ ಸಿಮೋನ್ ಅದೇ 1898ರಲ್ಲಿ ತೋರಿಸಿದನಾದರೂ ಲೋಕವು ಅದನ್ನು ಒಪ್ಪಲು ಹಲವು ವರ್ಷಗಳು ಹಿಡಿದುವು. ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂದು ನಂಬಿದ್ದವರು ಗಾಳಿ ಬೆಳಕುಗಳಿಗಾಗಿ ಬೀದಿಯನ್ನು ಅಗಲ ಮಾಡಿದರು, ಮನೆಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದರು. ಕಾರಣವು ತಪ್ಪಾಗಿತ್ತು, ಕಾರ್ಯವು ಸರಿಯಾಗಿತ್ತು. ಬಿಡಿಮನೆಗಳಲ್ಲಿ ಇಲಿಗೆ ಓಡಾಟವು ಕಷ್ಟವಾಯಿತು. ಇನ್ನೊಂದು ಮಾತನ್ನೂ ಮರೆಯಬಾರದು. ನಾವು ಹೊಗಳುವ ಮುಂಬೀದಿಯ ಶುಚಿತ್ವವು ಹಿಂದಿನ ಓಣಿಯಲ್ಲಿ ತಲೆಯ ಮೇಲೆ ಮಲವನ್ನು ಹೊತ್ತವರ ಮೇಲೆ ನಿಂತಿತ್ತು. ಅವರಿಗೆ ಆ ಬಡಾವಣೆಯಲ್ಲಿ ಮನೆಯಿರಲಿಲ್ಲ. ಒಂದು ಬೀದಿಯ ಯೋಗ್ಯತೆಯನ್ನು ಅಳೆಯುವವರು ಅದರ ಹಿಂಬದಿಯನ್ನೂ ನೋಡಿ ಬರಬೇಕು.

ಇದೇ ಕಾಲದ ಇದೇ ಯೋಚನೆಯು ಗಣಿಯ ಕಡೆಗೂ ಬಂದಿತು. ಲೈನುಗಳ ಒತ್ತಟ್ಟನ್ನು ಕಡಮೆ ಮಾಡಲು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಗಣಿಪ್ರದೇಶದ ಪಕ್ಕದಲ್ಲಿ ಒಂದು ಹೊಸ ಊರನ್ನು ಗೆರೆ ಎಳೆದು ಕಟ್ಟಲಾಯಿತು. ಆಗಿನ ರೆಸಿಡೆಂಟರಾದ ಸರ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರಿನಿಂದ ಅದು ರಾಬರ್ಟ್‌ಸನ್‌ಪೇಟೆಯಾಯಿತು. ನೇರವಾದ ಬೀದಿ, ಅಡ್ಡಬೀದಿ, ನಡುವೆ ಮಾರುಕಟ್ಟೆ. ದಕ್ಷಿಣದ ಗಣಿಗಳ ಬಳಿ ಆಂಡರ್‌ಸನ್‌ಪೇಟೆ ಬೆಳೆಯಿತು. ಜೀವನದಿಯಿಲ್ಲದ ಈ ಸೀಮೆಗೆ ಪಾಲಾರ್ ಹೊಳೆಯ ಬೇತಮಂಗಲದ ಕೆರೆಯಿಂದ ನೀರನ್ನು ಕೊಳಾಯಿಯಲ್ಲಿ ತಂದರು.

ಪೇಟೆಯ ಬೀದಿಯು ಬಂಗಲೆಯ ರಸ್ತೆಯಷ್ಟು ಸುಂದರವಾಗಿರಲಿಲ್ಲ, ಲೈನಿನಷ್ಟು ಒಮ್ಮನಸ್ಸಿನದೂ ಆಗಿರಲಿಲ್ಲ. ಅಲ್ಲಿ ದವಸದ ವ್ಯಾಪಾರಿ, ಅಕ್ಕಸಾಲೆ, ದರ್ಜಿ, ವೈದ್ಯ, ವಕೀಲ, ಉಪಾಧ್ಯಾಯ, ಲೇವಾದೇವಿಯ ಸಾಹುಕಾರ ಎಲ್ಲರೂ ಬಂದು ಸೇರಿದರು. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಒಂದೇ ಅಡ್ಡರಸ್ತೆಯಲ್ಲಿ ಕೇಳಿಬರುತ್ತಿದ್ದುವು. ಮನೆಯ ಮುಂದೆ ಅಂಗಡಿ, ಅಂಗಡಿಯ ಹಿಂದೆ ಮನೆ. ಗದ್ದಲ ಹೆಚ್ಚು, ನೆರಳು ಕಡಮೆ. ಗಣಿಯ ಸಂಬಳದ ದಿನ ಬಂದ ಹಣದಲ್ಲಿ ಒಂದು ಪಾಲು ಸಾಲಕ್ಕೂ ಬಡ್ಡಿಗೂ ಇಲ್ಲಿಯೇ ಕರಗುತ್ತಿತ್ತೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಆದರೆ ಇಲ್ಲಿ ಮನೆ ಮಾಡಿದವನು ಗಣಿಯ ಮ್ಯಾನೇಜರನ ಅಪ್ಪಣೆಯಿಂದ ಬಾಳಿದವನಲ್ಲ. ಅವನು ತನ್ನ ನಿವೇಶನದ ಮೇಲೆ ಕಾಲೂರಿ ನಿಂತವನು. ಗೋಡೆಗೆ ಸುಣ್ಣ ಹೊಡೆಸಿದರೆ ತನ್ನ ಮೊಮ್ಮಗನಿಗೂ ಅದು ಉಳಿಯುವುದೆಂಬ ನೆಚ್ಚಿಕೆ ಅವನಿಗಿತ್ತು.

ಮೂರು ಬೀದಿಗಳನ್ನೂ ಕಾಲವು ಒರೆಗೆ ಹಚ್ಚಿತು. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ವಶಕ್ಕೆ ಬಂದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಸಾಹೇಬರು ಹೋಗಿ ಬಂಗಲೆಗಳಿಗೆ ನಮ್ಮವರೇ ಬಂದರು. ಆದರೆ ಅದಿರಿನಲ್ಲಿ ಚಿನ್ನವು ಕ್ಷೀಣಿಸಿತು, ಗಣಿಯು ಮೂರು ಸಾವಿರ ಮೀಟರಿಗೂ ಮೀರಿದ ಆಳಕ್ಕೆ ಇಳಿದಿತ್ತು, ಖರ್ಚು ಏರಿತು. 2001ನೆಯ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಲಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಊರಿಗೆ ಉಳಿದುದು ಮೂರು ಕೋಟಿ ಟನ್ನಿಗೂ ಮೀರಿದ ಸೈನೈಡ್ ಮಣ್ಣಿನ ದಿಬ್ಬಗಳು. ಗಾಳಿಯ ಕಾಲದಲ್ಲಿ ಆ ದಿಬ್ಬಗಳ ಧೂಳು ಬಂಗಲೆ, ಲೈನು, ಪೇಟೆ ಎಂಬ ಭೇದವಿಲ್ಲದೆ ಎಲ್ಲ ಬೀದಿಗಳ ಮೇಲೆಯೂ ಬೀಳುತ್ತದೆ.

ಆ ಬಳಿಕ ಆದುದೇನು? ನಕ್ಷೆಯ ಪ್ರಕಾರ ಅತ್ಯುತ್ತಮವಾದ ಬಂಗಲೆಯ ರಸ್ತೆಯೇ ಮೊದಲು ಬರಿದಾಯಿತು. ಹೆಂಚು ಜಾರಿತು, ಬಾಗಿಲು ಕಿಟಕಿಗಳು ಮಾಯವಾದುವು, ತೋಟಕ್ಕೆ ಮುಳ್ಳು ಬಂದಿತು. ಹುದ್ದೆಗಾಗಿ ಕಟ್ಟಿದ ಬೀದಿ ಹುದ್ದೆಯೊಡನೆ ಮುಗಿಯಿತು. ಲೈನಿನವರು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಆರ್ಕಾಟಿನ ಹಳ್ಳಿಯು ಅವರ ಮುತ್ತಜ್ಜನ ಕಾಲಕ್ಕೇ ಮುಗಿದ ಮಾತು. ಅವರು ನೆರೆಯನ್ನು ಬಿಡದೆ, ನಸುಕಿನಲ್ಲಿಯೇ ಮಾರಿಕುಪ್ಪಂ ರೈಲನ್ನು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುವವರಾದರು. ಗಣಿಗೆ ಸಮೀಪವೆಂಬುದೊಂದೇ ಲೈನಿಗಿದ್ದ ಅನುಕೂಲ. ಅದು ಹೋದ ಮೇಲೆಯೂ ಅವರು ಅಲ್ಲಿ ಉಳಿದರೆಂದರೆ, ಬೀದಿಯಲ್ಲಿ ಅದಕ್ಕಿಂತ ಬೆಲೆಯುಳ್ಳ ವಸ್ತುವೊಂದು ಇತ್ತೆಂದೇ ಅರ್ಥ. ಆದರೆ ತಾವು ಹುಟ್ಟಿ ಬೆಳೆದ ಕೋಣೆಯ ನೆಲವು ತಮ್ಮದಲ್ಲವೆಂಬ ಅಳುಕೂ ಅವರೊಡನೆ ಉಳಿಯಿತು. ತನ್ನದಲ್ಲದ ಗೋಡೆಯನ್ನು ಯಾರು ತಾನೆ ಧೈರ್ಯವಾಗಿ ಕಟ್ಟಿಸುವರು?

ಪೇಟೆಯೂ ನೊಂದಿತು, ವ್ಯಾಪಾರವು ಇಳಿಯಿತು. ಆದರೂ ಅದು ನಿಂತಿತು. 1964ರಲ್ಲಿ ಸ್ಥಾಪಿತವಾದ ಮಣ್ಣುಕೆಲಸದ ಯಂತ್ರಗಳ ಕಾರ್ಖಾನೆಯು ಸಮೀಪದಲ್ಲಿತ್ತು, ಸುತ್ತಣ ಹಳ್ಳಿಗಳಿಗೆ ಪೇಟೆಯೇ ಸಂತೆಯಾಗಿತ್ತು, ಶಾಲೆಗಳಿದ್ದುವು, ಆಸ್ಪತ್ರೆಗಳಿದ್ದುವು. ಬೀದಿಗೆ ಅನ್ನ ಹಾಕುವ ಕೈಗಳು ಹಲವಾಗಿದ್ದುದರಿಂದ ಒಂದು ಕೈ ಹಿಂದೆಗೆದಾಗ ಬೀದಿಯು ಬೀಳಲಿಲ್ಲ.

ಹಾಗಾದರೆ ವಾಸಕ್ಕೆ ಯೋಗ್ಯವಾದ ಬೀದಿಯ ಲಕ್ಷಣವೇನೆಂಬ ಮೊದಲಿನ ಪ್ರಶ್ನೆಗೆ ಬರೋಣ. ಬಂಗಲೆಯ ರಸ್ತೆಯಿಂದ ನಾವು ಗಾಳಿ, ಬೆಳಕು, ಮರಗಳನ್ನು ಕಲಿಯಬೇಕು. ಅವು ಶ್ರೀಮಂತರ ವಿಲಾಸವೆಂದು ತಳ್ಳತಕ್ಕವಲ್ಲ. ಲೈನಿನಿಂದ ನೆರೆಹೊರೆಯನ್ನು ಕಲಿಯಬೇಕು. ಪಕ್ಕದ ಮನೆಯವನು ಈ ಹೊತ್ತು ಕೆಲಸದಿಂದ ಹಿಂದಿರುಗಿದನೆ ಎಂಬುದು ತಿಳಿಯದ ಬೀದಿ ಎಷ್ಟು ಅಗಲವಾಗಿದ್ದರೇನು? ಪೇಟೆಯಿಂದ ಹಲವು ಕಸುಬಿನವರು, ಹಲವು ಭಾಷೆಯವರು ಒಂದೆಡೆ ಇರುವ ಬೆರಕೆಯನ್ನೂ, ನೆಲದ ಮೇಲಿನ ಹಕ್ಕಿನ ಬೆಲೆಯನ್ನೂ ಕಲಿಯಬೇಕು. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನಮ್ಮ ಮತ. ಏತಕ್ಕೆಂದರೆ ಮರವನ್ನು ನೆಡಬಹುದು, ಚರಂಡಿಯನ್ನು ತೋಡಬಹುದು, ನೆರೆಯೂ ಕಾಲಕ್ರಮದಲ್ಲಿ ಬೆಳೆಯುವುದು. ಆದರೆ ನಾಳೆಯೂ ಇಲ್ಲಿರುವೆನೆಂಬ ನಂಬಿಕೆಯಿಲ್ಲದವನು ಮರವನ್ನು ನೆಡುವುದಿಲ್ಲ.

ಇಂದು ಬೆಂಗಳೂರಿನ ಸುತ್ತಲೂ ಬಡಾವಣೆಗಳು ದಿನದಿನಕ್ಕೆ ಹುಟ್ಟುತ್ತಿವೆ. ಅನೇಕ ಬಡಾವಣೆಗಳಿಗೆ ಎತ್ತರವಾದ ಗೋಡೆಯೂ ಕಾವಲುಗಾರನೂ ಇರುವರು. ಒಂದೇ ಉದ್ಯೋಗದವರು, ಒಂದೇ ವರಮಾನದವರು ಅವುಗಳೊಳಗೆ ಕೂಡಿರುವುದನ್ನು ನೋಡಿದರೆ ಊರ್ಗಾಮಿನ ಬಂಗಲೆಯ ರಸ್ತೆಗಳು ನೆನಪಿಗೆ ಬರುತ್ತವೆ. ಅವುಗಳನ್ನು ಕಟ್ಟಿದ ಮೇಸ್ತ್ರಿಗಳೂ ಕೂಲಿಗಳೂ ತಗಡಿನ ಶೆಡ್ಡುಗಳಲ್ಲಿ ಮಲಗಿರುವರು. ಅಲ್ಲಿ ಗುಡಿಸಿ ತೊಳೆಯುವವರಲ್ಲಿ ಕೆಲವರು ಮಾರಿಕುಪ್ಪಂ ರೈಲಿನಲ್ಲಿ ಬಂದವರಾಗಿರಬಹುದು. ಹೊಸ ಬೀದಿಯ ನಕ್ಷೆಯನ್ನು ಎಳೆಯುವವರು ರಸ್ತೆಯ ಅಗಲವನ್ನು ಗುರುತು ಮಾಡುವ ಮೊದಲು, ಈ ಬೀದಿಯನ್ನು ಶುಚಿಯಾಗಿಡುವವನಿಗೆ ಇದೇ ಊರಿನಲ್ಲಿ ಮನೆ ಎಲ್ಲಿ ಎಂದು ಕೇಳಿಕೊಳ್ಳಲಿ. ಕೋಲಾರದ ಗಣಿಗಳು ಕೊಟ್ಟ ಚಿನ್ನವು ಎಲ್ಲೆಲ್ಲಿಯೋ ಕರಗಿಹೋಯಿತು. ಅಲ್ಲಿಯ ಬೀದಿಗಳು ಕೊಟ್ಟ ಈ ತಿಳಿವನ್ನಾದರೂ ನಾವು ನಾಡಿನಲ್ಲಿ ಉಳಿಸಿಕೊಳ್ಳುವುದು ಉಚಿತ.